ಹಿಮಾಲಯದ ವಸಂತವೂ ಮಳೆಯ ಮುನ್ಸೂಚನೆಯೂ

ಯುಗಾದಿಯ ದಿನ ಬೇವುಬೆಲ್ಲದ ಶಾಸ್ತ್ರವಾದ ಮೇಲೆ ಪಂಚಾಂಗವನ್ನು ಬಿಡಿಸಿ ಹೊಸ ಸಂವತ್ಸರದ ಫಲವನ್ನು ಓದಿಸಿ ಕೇಳುವುದು ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ಬಂದ ವಾಡಿಕೆ. ರಾಜನಾರು, ಮಂತ್ರಿಯಾರು ಎಂಬುದನ್ನು ಓದುವಾಗ ತೂಕಡಿಸುತ್ತಿದ್ದವರು ಸಹ ಮೇಘಾಧಿಪತಿಯ ಹೆಸರು ಬಂದೊಡನೆ ಎಚ್ಚೆತ್ತು, ಈ ಸಲ ಮಳೆ ಎಷ್ಟು ಕೊಳಗವೆಂದು ಕೇಳುತ್ತಾರೆ. ಚೈತ್ರಮಾಸದಲ್ಲಿ ಕುಳಿತು ಆಷಾಢ ಶ್ರಾವಣಗಳ ಮಳೆಯನ್ನು ತಿಳಿಯಬೇಕೆಂಬ ಈ ಆಸೆ ಬೇಸಾಯದಷ್ಟೇ ಹಳೆಯದು. ಸುಮಾರು ನೂರನಲವತ್ತು ವರ್ಷಗಳ ಹಿಂದೆ ಇದೇ ಆಸೆಯಿಂದ ಸರಕಾರದ ಅಧಿಕಾರಿಯೊಬ್ಬರು ಬೇರೊಂದು ಪಂಚಾಂಗವನ್ನು ಬಿಡಿಸಿದರು. ಹಿಮಾಲಯದ ಮೇಲೆ ವಸಂತಕಾಲದಲ್ಲಿ ಬೀಳುವ ಹಿಮವೇ ಆ ಪಂಚಾಂಗ. ಅದನ್ನು ಓದಿದವರು ಯಾರು, ಓದಿ ಏನು ಹೇಳಿದರು, ಹೇಳಿದುದು ಎಷ್ಟರಮಟ್ಟಿಗೆ ನಿಜವಾಯಿತು, ಆ ಓದಿನಿಂದ ಬೆಟ್ಟದ ಮೇಲಿರುವ ಮನುಷ್ಯನಿಗೆ ಪ್ರಯೋಜನವಾದುದು ಯಾವಾಗ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಸಂತವೆಂದರೆ ನಮ್ಮ ಕವಿಗಳಿಗೆ ಮಾವಿನ ಚಿಗುರು, ಕೋಗಿಲೆಯ ದನಿ, ತೆಂಗಾಳಿ. ಹಿಮಾಲಯದ ವಸಂತವು ಇಷ್ಟು ಸೌಮ್ಯವಾದುದಲ್ಲ. ಫಾಲ್ಗುಣದಿಂದ ಜ್ಯೇಷ್ಠದವರೆಗೆ ಅಲ್ಲಿ ಚಳಿಗಾಲವು ಹೋಗಿಯೂ ಹೋಗದೆ, ಬೇಸಗೆಯು ಬಂದೂ ಬಾರದೆ ಇರುತ್ತದೆ. ಕೆಳಗಿನ ಕಣಿವೆಯಲ್ಲಿ ಬುರಾಂಶದ ಕೆಂಪು ಹೂವು ಅರಳಿರುವಾಗ ಮೇಲಿನ ಘಟ್ಟದ ದಾರಿಯಲ್ಲಿ ಆಳೆತ್ತರದ ಹಿಮವಿರಬಹುದು. ಬೆಳಗಿನಲ್ಲಿ ಆಕಾಶವು ತೊಳೆದಿಟ್ಟಂತೆ ನಿರ್ಮಲವಾಗಿರುತ್ತದೆ. ನಡುಹಗಲು ಕಳೆಯುತ್ತಲೇ ಮೋಡಗಳು ಕಣಿವೆಯಿಂದ ಮೇಲೇರಿ, ಗುಡುಗು ಮೊಳಗಿ, ಆಲಿಕಲ್ಲು ಸುರಿಯುತ್ತದೆ. ರಾತ್ರಿ ಅದೇ ಇಳಿಜಾರಿನಲ್ಲಿ ಹಿಮ ಬೀಳುತ್ತದೆ.

ಈ ಚಂಚಲತೆಗೆ ಕಾರಣಗಳು ಮುಖ್ಯವಾಗಿ ಎರಡು. ಭೂಮಧ್ಯ ಸಮುದ್ರದ ಕಡೆಯಿಂದ ಹೊರಟು ಇರಾನ, ಅಫಘಾನಿಸ್ಥಾನಗಳನ್ನು ದಾಟಿ ಬರುವ ಹವೆಯ ಅಲೆಗಳು ಒಂದರ ಹಿಂದೊಂದರಂತೆ ಹಿಮಾಲಯಕ್ಕೆ ತಾಗುತ್ತವೆ. ಇವುಗಳನ್ನು ಶಾಸ್ತ್ರಜ್ಞರು ಪಶ್ಚಿಮ ಕ್ಷೋಭೆಗಳೆಂದು ಕರೆಯುತ್ತಾರೆ. ಚಳಿಗಾಲದಲ್ಲಿ ಪ್ರಬಲವಾಗಿರುವ ಈ ಅಲೆಗಳು ವಸಂತದಲ್ಲಿಯೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಅತ್ತ ಗಂಗೆಯ ಬಯಲು ದಿನದಿನಕ್ಕೆ ಕಾಯುತ್ತ, ಬಿಸಿಯಾದ ಗಾಳಿಯನ್ನು ಬೆಟ್ಟದ ಮೈಮೇಲೆ ಏರಿಸುತ್ತಿರುತ್ತದೆ. ಶೀತವೂ ಉಷ್ಣವೂ ಹೀಗೆ ಒಂದೇ ಅಂಗಳದಲ್ಲಿ ಎದುರಾಗುವುದರಿಂದ ಒಂದು ದಿನದೊಳಗೆ ಮೂರು ಋತುಗಳು ಬಂದುಹೋಗುತ್ತವೆ. ಸಾವಿರ ಅಡಿ ಮೇಲೇರಿದರೆ ಉಷ್ಣತೆಯು ಸುಮಾರು ೨ ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುವುದಾದ್ದರಿಂದ, ಒಂದು ಊರಿನ ಮಳೆಯೇ ಅದರ ಮೇಲಿನ ಹುಲ್ಲುಗಾವಲಿಗೆ ಹಿಮವಾಗುತ್ತದೆ. ಒಂದು ಏಣು ಮರೆಯಾದರೆ ಹವೆಯೇ ಬೇರೆ. ಇಂತಹ ಪ್ರದೇಶಕ್ಕೆ ಮುನ್ಸೂಚನೆ ಹೇಳುವುದು ಬಯಲುಸೀಮೆಗೆ ಹೇಳಿದಷ್ಟು ಸುಲಭವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಹಿಮಾಲಯದ ವಸಂತವನ್ನು ಮೊದಲು ಓದಿದುದು ಬೆಟ್ಟದವರಿಗಾಗಿ ಅಲ್ಲ, ಬಯಲಿನವರಿಗಾಗಿ. ಅದರ ಹಿನ್ನೆಲೆಯಲ್ಲಿ ಬಹು ದೊಡ್ಡ ದುಃಖವಿದೆ. ೧೮೬೪ರಲ್ಲಿ ಕಲ್ಕತ್ತೆಯನ್ನು ಚಂಡಮಾರುತವೊಂದು ಹಾಳುಗೆಡವಿತು. ೧೮೬೬ರಲ್ಲಿ ಒರಿಸ್ಸಾ ಪ್ರಾಂತದಲ್ಲಿ ಘೋರವಾದ ಕ್ಷಾಮ ತೋರಿತು. ಇವುಗಳಿಂದ ಎಚ್ಚೆತ್ತ ಸರಕಾರವು ೧೮೭೫ರಲ್ಲಿ ಇಡಿಯ ದೇಶಕ್ಕೆ ಒಂದೇ ಹವಾಮಾನ ಇಲಾಖೆಯನ್ನು ಸ್ಥಾಪಿಸಿ, ಹೆನ್ರಿ ಫ್ರಾನ್ಸಿಸ್ ಬ್ಲಾನ್‌ಫರ್ಡ್ ಎಂಬವರನ್ನು ಅದರ ಮುಖ್ಯಸ್ಥರನ್ನಾಗಿ ನಿಯಮಿಸಿತು. ಬ್ಲಾನ್‌ಫರ್ಡರು ೧೮೩೪ರಲ್ಲಿ ಹುಟ್ಟಿದವರು. ೧೮೫೫ರಲ್ಲಿ ಭೂಗರ್ಭ ಶೋಧನೆಯ ಕೆಲಸಕ್ಕೆಂದು ಭಾರತಕ್ಕೆ ಬಂದು, ಬಳಿಕ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಉಪಾಧ್ಯಾಯರಾಗಿ, ಕಲ್ಲಿನಿಂದ ಮೋಡದ ಕಡೆಗೆ ಕಣ್ಣು ತಿರುಗಿಸಿದವರು.

ಅವರು ಅಧಿಕಾರ ವಹಿಸಿದ ಮರುವರ್ಷವೇ ದಕ್ಷಿಣದಲ್ಲಿ ಮಳೆ ತಪ್ಪಿತು. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ನಡುಗುತ್ತ ನೆನೆಯುತ್ತಿದ್ದುದು ಇದನ್ನೇ. ೧೮೭೬ರಿಂದ ೧೮೭೮ರವರೆಗೆ ಹಬ್ಬಿದ ಆ ಕ್ಷಾಮದಲ್ಲಿ ಮೈಸೂರು ಸೀಮೆಯ ಊರೂರುಗಳೇ ಬರಿದಾದುವು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಮೆಯಾಗಿತ್ತು. ಹುಟ್ಟಬೇಕಾದ ಮಕ್ಕಳು ಹುಟ್ಟದೆ ಹೋದುದೂ, ಬದುಕಬೇಕಾದ ಮುದುಕರು ಬದುಕದೆ ಹೋದುದೂ ಈ ಎರಡು ಅಂಕಗಳ ನಡುವೆ ಅಡಗಿದೆ. ಮಳೆ ತಪ್ಪುವುದನ್ನು ನಾಲ್ಕು ತಿಂಗಳು ಮುಂಚೆ ತಿಳಿದಿದ್ದರೆ ಧಾನ್ಯವನ್ನು ಕೂಡಿಡಬಹುದಾಗಿತ್ತಲ್ಲವೆ, ರೈಲು ಬಂಡಿಗಳನ್ನು ಅಣಿಗೊಳಿಸಬಹುದಾಗಿತ್ತಲ್ಲವೆ ಎಂಬ ಪ್ರಶ್ನೆ ಆಳುವವರ ಮುಂದೆಯೂ ನಿಂತಿತು. ಮಳೆಗಾಲವನ್ನು ಮುಂದಾಗಿ ತಿಳಿಸಲು ಸಾಧ್ಯವೆ ಎಂದು ಸರಕಾರವು ಬ್ಲಾನ್‌ಫರ್ಡರನ್ನು ಕೇಳಿತು.

ಬ್ಲಾನ್‌ಫರ್ಡರು ಹಿಂದಿನ ವರ್ಷಗಳ ದಾಖಲೆಗಳನ್ನು ತಿರುವಿಹಾಕಿದಾಗ ಒಂದು ಸಂಗತಿ ಅವರ ಕಣ್ಣಿಗೆ ಬಿದ್ದಿತು. ೧೮೭೭ರ ವಸಂತದಲ್ಲಿ ವಾಯವ್ಯ ಹಿಮಾಲಯದ ಮೇಲೆ ಹಿಮವು ವಾಡಿಕೆಗಿಂತ ಹೆಚ್ಚಾಗಿ, ತಡವಾಗಿ ಬಿದ್ದಿತ್ತು. ಅದರ ಹಿಂದೆಯೇ ಬಯಲಿನ ಮೇಲೆ ಒಣಗಾಳಿ ಬೀಸಿ, ಮಳೆಯು ಹಿಂಜರಿದಿತ್ತು. ಒಂದರಿಂದ ಇನ್ನೊಂದು ಆಯಿತೆಂದು ಅವರು ಊಹಿಸಿದರು. ಊಹೆಗೆ ಅವರು ಕೊಟ್ಟ ಕಾರಣವೂ ಯುಕ್ತವಾದುದೇ. ಬಿಳಿಯ ಹಿಮವು ಸೂರ್ಯನ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಉಳಿದ ಶಾಖವೂ ನೆಲವನ್ನು ಕಾಯಿಸದೆ ಹಿಮವನ್ನು ಕರಗಿಸುವುದಕ್ಕೆ ವ್ಯಯವಾಗುತ್ತದೆ. ಬೆಟ್ಟದ ಮೇಲಿನ ಗಾಳಿ ತಣ್ಣಗಾಗಿ, ಒಣಗಿ, ಬಯಲಿನ ಕಡೆಗೆ ಇಳಿಯುತ್ತದೆ. ಕಾದ ನೆಲದ ಸೆಳೆತಕ್ಕೆ ಓಗೊಟ್ಟು ಬರಬೇಕಾದ ಸಮುದ್ರದ ಗಾಳಿಗೆ ಆಗ ಕರೆ ಸಾಲದಾಗುತ್ತದೆ.

ಈ ಸೂತ್ರವನ್ನು ಹಿಡಿದು ೧೮೮೨ರಿಂದ ೧೮೮೫ರವರೆಗೆ ಅವರು ಪರೀಕ್ಷಾರ್ಥವಾಗಿ ಮುನ್ಸೂಚನೆಗಳನ್ನು ಸಿದ್ಧಪಡಿಸಿದರು. ೧೮೮೪ರಲ್ಲಿ ಹಿಮಾಲಯದ ಹಿಮಕ್ಕೂ ಭಾರತದ ಅನಾವೃಷ್ಟಿಗೂ ಇರುವ ಸಂಬಂಧವನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧವನ್ನು ಬರೆದರು. ಪರೀಕ್ಷೆಯ ವರ್ಷಗಳು ಧೈರ್ಯ ಕೊಟ್ಟುದರಿಂದ ೧೮೮೬ರ ಜೂನ್ ೪ರಂದು ಭಾರತಕ್ಕೂ ಬರ್ಮಾ ದೇಶಕ್ಕೂ ಅನ್ವಯಿಸುವ ಮಳೆಗಾಲದ ಮೊದಲನೆಯ ಅಧಿಕೃತ ಮುನ್ಸೂಚನೆ ಹೊರಬಂದಿತು. ಇಡಿಯ ಋತುವಿನ ಮಳೆಯನ್ನು ಕ್ರಮವಾಗಿ ಮುಂಚಿತವಾಗಿ ಹೇಳುವ ಪದ್ಧತಿಗೆ ನಮ್ಮ ದೇಶದಲ್ಲಿ ಅದೇ ನಾಂದಿ.

ಈ ವಿದ್ಯೆಯ ಬುನಾದಿ ಎಷ್ಟು ಕಿರಿದಾಗಿತ್ತೆಂಬುದನ್ನು ಇಲ್ಲಿ ಮರೆಯಲಾಗದು. ಮಳೆಯನ್ನಾದರೆ ಪಾತ್ರೆಯಲ್ಲಿ ಹಿಡಿದು ಅಳೆಯಬಹುದು. ಗಾಳಿಯು ಅತ್ತಿತ್ತ ಒಯ್ಯುವ ಹಿಮವನ್ನು, ಅದೂ ಮನುಷ್ಯರು ಕಾಲಿಡದ ಶಿಖರಗಳ ಮೇಲೆ, ಅಳೆಯುವುದು ಹೇಗೆ? ಗುಡ್ಡಗಾಡಿನ ಊರುಗಳಿಂದ ನೋಡಿದವರು ಬರೆದು ಕಳುಹಿಸಿದ ವರದಿಗಳೇ ಬಹುಮಟ್ಟಿಗೆ ಆಧಾರ. ಈ ಸಲ ಹಿಮ ಹೆಚ್ಚು, ಇಂತಹ ದಾರಿ ಇನ್ನೂ ತೆರೆದಿಲ್ಲ ಎಂಬಂತಹ ಮಾತುಗಳನ್ನು ಒಟ್ಟುಗೂಡಿಸಿ ಕೋಟ್ಯಂತರ ರೈತರ ಹಣೆಬರೆಹವನ್ನು ಓದಬೇಕಾಗಿತ್ತು.

ಅಲ್ಲದೆ ಋತುವಿನ ಫಲ ಬೇರೆ, ದಿನದ ಫಲ ಬೇರೆ. ಮೊದಲನೆಯ ಮುನ್ಸೂಚನೆ ಹೊರಬಂದ ಎರಡನೆಯ ವರ್ಷದಲ್ಲಿಯೇ ಇದಕ್ಕೆ ಭಯಂಕರವಾದ ನಿದರ್ಶನ ದೊರೆಯಿತು. ೧೮೮೮ರ ಏಪ್ರಿಲ್ ೩೦ರಂದು ಹಿಮಾಲಯದ ತಪ್ಪಲಿಗೆ ಸಮೀಪದ ಮುರಾದಾಬಾದಿನಲ್ಲಿ ಬಿದ್ದ ಆಲಿಕಲ್ಲಿನ ಮಳೆಯಿಂದ ೨೪೬ ಮಂದಿ ಸತ್ತರು. ಆಲಿಕಲ್ಲಿನ ಒಂದೇ ಮಳೆಗೆ ಇಷ್ಟು ಜನ ಬಲಿಯಾದ ಇನ್ನೊಂದು ಸಂಗತಿ ಲೋಕದ ಹವಾಮಾನದ ದಾಖಲೆಯಲ್ಲಿಲ್ಲ. ಮುಂದಿನ ನಾಲ್ಕು ತಿಂಗಳ ಮಳೆಯನ್ನು ಲೆಕ್ಕಹಾಕುತ್ತಿದ್ದ ಶಾಸ್ತ್ರಕ್ಕೆ ಅದೇ ದಿನದ ಸಿಡಿಲುಮೋಡವನ್ನು ಕಂಡು ಕೂಗಿ ಹೇಳುವ ಸಾಧನವಿರಲಿಲ್ಲ.

೧೮೮೯ರಲ್ಲಿ ಬ್ಲಾನ್‌ಫರ್ಡರ ಸ್ಥಾನಕ್ಕೆ ಜಾನ್ ಎಲಿಯಟ್ಟರು ಬಂದರು. ಇವರು ಹಿಮವೊಂದನ್ನೇ ನೆಚ್ಚದೆ, ಮಳೆಗಾಲಕ್ಕೆ ಮುಂಚಿನ ಭಾರತದ ಹವೆಯನ್ನೂ ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾಗಳ ಸ್ಥಿತಿಯನ್ನೂ ಕೂಡಿಸಿಕೊಂಡು ವಿಸ್ತಾರವಾದ ಮುನ್ಸೂಚನೆಗಳನ್ನು ಬರೆಯತೊಡಗಿದರು. ಬರೆಹವು ಬೆಳೆಯಿತು; ಅದಕ್ಕೆ ತಕ್ಕ ಖಚಿತತೆ ಬೆಳೆಯಲಿಲ್ಲ. ೧೮೯೯ರಲ್ಲಿ ಒಳ್ಳೆಯ ಮಳೆಯಾಗುವುದೆಂಬ ಭರವಸೆ ಹೊರಟಿತು. ಆದುದಾದರೋ ಗುಜರಾತ, ರಾಜಪುತಾನ, ಮಧ್ಯಪ್ರಾಂತಗಳನ್ನು ಸುಟ್ಟುಹಾಕಿದ ಬರಗಾಲ. ವಿಕ್ರಮ ಶಕದ ೧೯೫೬ನೆಯ ವರ್ಷವಾದ್ದರಿಂದ ಅಲ್ಲಿಯ ಜನರು ಅದನ್ನು ಛಪ್ಪನಿಯಾ ಎಂದು ಕರೆದರು. ವೃತ್ತಪತ್ರಿಕೆಗಳು ಇಲಾಖೆಯನ್ನು ಕಟುವಾಗಿ ಟೀಕಿಸಿದುವು. ಪರಿಣಾಮವಾಗಿ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕೆಲವು ವರ್ಷ ಮಳೆಗಾಲದ ಮುನ್ಸೂಚನೆಯನ್ನು ಸರಕಾರದ ಕಣ್ಣಿಗೆ ಮಾತ್ರ ಕಾಣುವಂತೆ ಗೋಪ್ಯವಾಗಿ ಇಡಲಾಯಿತು. ತಪ್ಪಿದ ಮಾತನ್ನು ತಿದ್ದಿಕೊಳ್ಳುವ ಬದಲು ಮರೆಯಲ್ಲಿ ಆಡಿದಂತಾಯಿತು ಇದು.

ತಿದ್ದುವ ಕೆಲಸವು ೧೯೦೪ರಲ್ಲಿ ಬಂದ ಗಿಲ್ಬರ್ಟ್ ವಾಕರರ ಪಾಲಿಗೆ ಬಿದ್ದಿತು. ಕೇಂಬ್ರಿಜ್ಜಿನ ಗಣಿತಜ್ಞರಾದ ಇವರಿಗೆ ಹವಾಮಾನದಲ್ಲಿ ಪೂರ್ವಾನುಭವವಿರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು. ಯಾವ ಊಹೆಯನ್ನೂ ಅವರು ಅಂಕಗಳ ಒರೆಗಲ್ಲಿಗೆ ಹಚ್ಚದೆ ಒಪ್ಪಲಿಲ್ಲ. ಇಲಾಖೆಯ ಭಾರತೀಯ ಗುಮಾಸ್ತರು ವರ್ಷಗಟ್ಟಲೆ ಕುಳಿತು ಲೋಕದ ನಾನಾ ಭಾಗಗಳ ಹವೆಯ ಅಂಕಗಳನ್ನು ಒಂದರೊಡನೊಂದು ಹೋಲಿಸಿದರು. ೧೯೦೯ರಲ್ಲಿ ವಾಕರರು ಸಿದ್ಧಪಡಿಸಿದ ಸೂತ್ರದಲ್ಲಿ ನಾಲ್ಕು ಅಂಶಗಳಿದ್ದುವು: ವಸಂತದ ಕೊನೆಗೆ ಹಿಮಾಲಯದ ಮೇಲೆ ಉಳಿದ ಹಿಮ, ಮಾರಿಷಸ್ಸಿನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರಿನ ಮಳೆ. ೧೯೨೪ರಲ್ಲಿ ಅವರು ಶಾಂತಸಾಗರಕ್ಕೂ ಹಿಂದೂ ಮಹಾಸಾಗರಕ್ಕೂ ನಡುವೆ ವಾಯುಭಾರವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿ ಅದಕ್ಕೆ ದಕ್ಷಿಣದ ಆಂದೋಲನವೆಂಬ ಹೆಸರಿಟ್ಟರು. ೧೮೭೭ ಮತ್ತು ೧೮೯೯ರ ಬರಗಳ ಹಿಂದೆ ಶಾಂತಸಾಗರದ ನೀರು ಅತಿಯಾಗಿ ಕಾದ ಎಲ್ ನಿನೊ ಎಂಬ ಸ್ಥಿತಿಯಿತ್ತೆಂಬುದು ಈಗ ತಿಳಿದಿದೆ. ಬ್ಲಾನ್‌ಫರ್ಡರು ಕಂಡ ಹಿಮವು ಸುಳ್ಳಲ್ಲ. ಅದು ಮುಖ್ಯ ಅಪರಾಧಿಯಾಗಿರಲಿಲ್ಲ, ಅಷ್ಟೆ.

ವಾಕರರಲ್ಲಿ ನಾವು ಮೆಚ್ಚಬೇಕಾದ ಗುಣ ಇನ್ನೊಂದುಂಟು. ಋತುವಿನ ಮಾತಿಗೆ ಮುನ್ಸೂಚನೆಯೆಂಬ ಪದವು ಭಾರವಾಯಿತೆಂದು ತೋರಿ, ಮುಂದೆ ಬರುವುದರ ನೆರಳು ಮಾತ್ರವೆಂಬ ಅರ್ಥದ ಪದವನ್ನು ಅವರು ಬಳಕೆಗೆ ತಂದರು. ತಿಳಿದುದನ್ನು ಹೇಳುವಾಗಲೇ ತಿಳಿವಳಿಕೆಯ ಎಲ್ಲೆಯನ್ನೂ ಹೇಳಬೇಕೆಂಬ ಈ ಮರ್ಯಾದೆ ಮುಂದಿನವರಿಗೆ ದೊಡ್ಡ ಪಾಠವಾಗಬೇಕಾಗಿತ್ತು. ಆದರೂ ಪಾಠವನ್ನು ಪುನಃ ಪುನಃ ಕಲಿಯಬೇಕಾಯಿತು. ಉಪಗ್ರಹಗಳು ಬಂದ ಮೇಲೆ ಹಿಮದ ಹರಹನ್ನು ಆಕಾಶದಿಂದಲೇ ನೋಡಲು ಸಾಧ್ಯವಾಗಿ, ೧೯೭೬ರಲ್ಲಿ ಹಾನ್ ಮತ್ತು ಶುಕ್ಲ ಎಂಬ ಸಂಶೋಧಕರು ಯುರೇಷ್ಯಾ ಖಂಡದ ಹಿಮಕ್ಕೂ ಭಾರತದ ಮಳೆಗೂ ಇರುವ ವಿಲೋಮ ಸಂಬಂಧವನ್ನು ಹೊಸದಾಗಿ ಎತ್ತಿ ತೋರಿಸಿದರು. ೧೯೮೮ರಿಂದ ಇಲಾಖೆ ಬಳಸಿದ ೧೬ ಅಂಶಗಳ ಸೂತ್ರದಲ್ಲಿಯೂ ಹಿಮಕ್ಕೆ ಸ್ಥಾನ ದೊರೆಯಿತು. ಹಲವು ವರ್ಷ ನಡೆದ ಆ ಸೂತ್ರವು ೨೦೦೨ರಲ್ಲಿ ಮುಗ್ಗರಿಸಿತು: ವಾಡಿಕೆಯಷ್ಟು ಮಳೆಯೆಂದು ಹೇಳಿದ್ದ ವರ್ಷದಲ್ಲಿ ನೂರಕ್ಕೆ ೧೯ರಷ್ಟು ಕೊರತೆಯಾಯಿತು. ಮರುವರ್ಷವೇ ಸೂತ್ರವನ್ನು ಬದಲಿಸಬೇಕಾಯಿತು.

ಇಲ್ಲಿಯವರೆಗೆ ಹೇಳಿದುದೆಲ್ಲ ಬಯಲಿನ ಲಾಭಕ್ಕಾಗಿ ಬೆಟ್ಟವನ್ನು ಓದಿದ ಕತೆ. ಅದೇ ಹಿಮದ ಮೇಲೆ ಹೆಜ್ಜೆಯಿಡುವವನಿಗೆ ನಾಳೆ ಏನಾಗುವುದೆಂದು ಹೇಳಿದವರಾರು? ಕುರಿ ಮೇಯಿಸುವ ಗದ್ದಿಯೂ ಹೊರೆ ಹೊರುವ ಶೆರ್ಪನೂ ತಲೆಮಾರುಗಳಿಂದ ತಮ್ಮ ಕಣ್ಣನ್ನೇ ನೆಚ್ಚಿದ್ದರು. ಬಿತ್ತರಿಸಿದ ಮುನ್ಸೂಚನೆ ಎತ್ತರದ ಶಿಖರಗಳಿಗೆ ತಲುಪಿದುದು ಎವರೆಸ್ಟಿನ ಆರೋಹಣಗಳ ನೆಪದಿಂದ. ೧೯೨೨ರ ತಂಡವು ಮಳೆಗಾಲದ ಹಿಮ ಬಿದ್ದ ಬಳಿಕವೂ, ಹೊಸ ಹಿಮ ಗಟ್ಟಿಯಾಗಿದೆಯೆಂದು ನಂಬಿ ಜೂನ್ ೭ರಂದು ಮೇಲೇರಿತು. ಹಿಮವು ಕುಸಿದು ಏಳು ಮಂದಿ ಹೊರೆಯಾಳುಗಳು ಮಡಿದರು. ಮುಂದೆ ಇದ್ದ ಜಾರ್ಜ್ ಮ್ಯಾಲರಿಯವರು ಆ ಸಾವುಗಳಿಗೆ ತಾವೇ ಹೊಣೆಯೆಂದು ಕಾಗದಗಳಲ್ಲಿ ಬರೆದು ಮರುಗಿದರು. ಎರಡು ವರ್ಷಗಳ ಮೇಲೆ ಅದೇ ಬೆಟ್ಟದಲ್ಲಿ ಅವರೂ ಮರೆಯಾದರು.

೧೯೩೩ರ ತಂಡಕ್ಕೆ ಕಲ್ಕತ್ತೆಯ ಅಲಿಪುರದ ವೀಕ್ಷಣಾಲಯದಿಂದ ನಿಸ್ತಂತು ಯಂತ್ರದ ಮೂಲಕ ಹವೆಯ ಸಮಾಚಾರ ಬರತೊಡಗಿತು. ಬಂಗಾಳದ ಕೊಲ್ಲಿಯಲ್ಲಿ ಮುಂಗಾರು ಎಲ್ಲಿಗೆ ಬಂದಿದೆಯೆಂಬುದನ್ನು ಟಿಬೆಟ್ಟಿನ ಕಣಿವೆಯಲ್ಲಿ ಕುಳಿತು ಕೇಳುವಂತಾದುದು ಆಗಿನ ಕಾಲಕ್ಕೆ ಅದ್ಭುತವೇ ಸರಿ. ಆದರೆ ಕೇಳಿದ ಮಾತ್ರಕ್ಕೆ ಹವೆಯು ವಶವಾಗುವುದಿಲ್ಲ. ೧೯೩೬ರಲ್ಲಿ ಮೇ ತಿಂಗಳು ಮುಗಿಯುವ ಮುನ್ನವೇ ಮುಂಗಾರು ಬಂದು ಬೆಟ್ಟವನ್ನು ಮುಚ್ಚಿತು, ತಂಡವು ಹಿಂದಿರುಗಿತು. ಹಿಂದಿರುಗಿ ಎಲ್ಲರೂ ಬದುಕಿದುದನ್ನು ಸೋಲೆಂದು ಹೇಗೆ ಹೇಳೋಣ? ೧೯೫೩ರಲ್ಲಿ ಭಾರತದ ಹವಾಮಾನ ಇಲಾಖೆಯ ವಿಶೇಷ ಸೂಚನೆಗಳನ್ನು ಬಾನುಲಿಯಲ್ಲಿ ಬಿತ್ತರಿಸಲಾಯಿತು. ವಸಂತದ ಬಿರುಗಾಳಿ ತಣಿದು ಮುಂಗಾರು ಇನ್ನೂ ಬಾರದಿರುವ ಕೆಲವೇ ದಿನಗಳ ಸಂಧಿಯಲ್ಲಿ, ಮೇ ೨೯ರಂದು, ತೇನ್‌ಸಿಂಗ್ ಮತ್ತು ಹಿಲರಿಯವರು ಶಿಖರದ ಮೇಲೆ ನಿಂತರು.

ಅಲ್ಲಿಂದೀಚೆಗೆ ಬೆಟ್ಟದವರಿಗಾಗಿಯೇ ಬೆಟ್ಟವನ್ನು ನೋಡುವ ಕೆಲಸ ಮೆಲ್ಲಮೆಲ್ಲನೆ ಬೆಳೆದಿದೆ. ೧೯೬೯ರಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕಾಗಿ ಮನಾಲಿಯಲ್ಲಿ ಒಂದು ಸಂಸ್ಥೆ ಹುಟ್ಟಿತು. ೨೦೨೧ರ ಜನವರಿಯಲ್ಲಿ ಮುಕ್ತೇಶ್ವರ ಮತ್ತು ಕುಫ್ರಿಗಳಲ್ಲಿ ಮೋಡಗಳ ಚಲನೆಯನ್ನು ಅರಿಯುವ ಡಾಪ್ಲರ್ ರೇಡಾರುಗಳು ಕೆಲಸಕ್ಕೆ ತೊಡಗಿದುವು. ಜಿಲ್ಲೆ ಜಿಲ್ಲೆಗೂ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಂದ ಎಚ್ಚರಿಕೆ ಕೊಡುವ ಪದ್ಧತಿಯೂ ಬಂದಿದೆ. ಮುರಾದಾಬಾದಿನ ಕಾಲದಲ್ಲಿ ಇಲ್ಲದಿದ್ದ ಕಣ್ಣೂ ಬಾಯೂ ಈಗ ಶಾಸ್ತ್ರಕ್ಕೆ ಇವೆ. ಆದರೆ ಜಿಲ್ಲೆಗೆ ಹೇಳಿದ ಮಾತು ಒಂದೊಂದು ಏಣಿಗೂ ಹೊಂದಲಾರದು. ಕಣಿವೆಯಲ್ಲಿ ಕೇಳಿದ ಮಾತು ಹದಿನಾಲ್ಕು ಸಾವಿರ ಅಡಿಯ ಮೇಲೆ ಎರಡು ದಿನಗಳಲ್ಲಿ ಹಳತಾಗುತ್ತದೆ.

ಇದು ನಮಗೆ ದೂರದ ವಿಚಾರವಲ್ಲವೆಂಬುದನ್ನು ೨೦೨೪ರ ಜೂನ್ ಮೊದಲ ವಾರವು ತೋರಿಸಿತು. ಉತ್ತರಕಾಶಿ ಜಿಲ್ಲೆಯ ಕಡೆಯಿಂದ ಸಹಸ್ರತಾಲ್ ಎಂಬ ಎತ್ತರದ ಸರೋವರಗಳಿಗೆ ಹೊರಟಿದ್ದ ಇಪ್ಪತ್ತೆರಡು ಮಂದಿಯ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಪಂಚಾಂಗದಲ್ಲಿ ಬೇಸಗೆ ಕಳೆಯುತ್ತಿದ್ದರೂ ಆ ಎತ್ತರದಲ್ಲಿ ವಸಂತವು ಇನ್ನೂ ಮುಗಿದಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಹಿಮವೂ ಬಿರುಗಾಳಿಯೂ ಕೂಡಿ ಬಂದುವು. ದಾರಿ ಕಾಣದೆ ಚಳಿಯಲ್ಲಿ ಸಿಲುಕಿ ಒಂಬತ್ತು ಮಂದಿ ಪ್ರಾಣಬಿಟ್ಟರು. ಹದಿಮೂರು ಮಂದಿಯನ್ನು ಪಾರುಮಾಡಲಾಯಿತು. ಬೆಂಗಳೂರಿನ ಬೀದಿಗಳಲ್ಲಿ ಮುಂಗಾರಿನ ಮೊದಲ ಹನಿಗೆ ಜನರು ಹಿಗ್ಗುತ್ತಿದ್ದ ವಾರದಲ್ಲಿ ಅದೇ ಊರಿನ ಮನೆಗಳಿಗೆ ಹಿಮದಿಂದ ಶವಗಳು ಬಂದುವು. ಯಾರನ್ನೂ ದೂರುವುದು ಈ ಲೇಖಕನ ಇಂಗಿತವಲ್ಲ. ಆ ಮನೆಗಳ ದುಃಖವನ್ನು ನೆನೆದೇ ಈ ಇತಿಹಾಸವನ್ನು ಬರೆಯುವ ಮನಸ್ಸಾಯಿತೆಂದು ಮಾತ್ರ ಹೇಳುತ್ತೇವೆ.

ಈ ಇತಿಹಾಸದಿಂದ ನಮಗೆ ತಿಳಿದುಬರುವುದೇನು? ಬ್ಲಾನ್‌ಫರ್ಡರ ಊಹೆ ಪೂರ್ಣಸತ್ಯವಾಗಿರಲಿಲ್ಲವಾದರೂ ಅದನ್ನು ಬಹಿರಂಗವಾಗಿ ಹೇಳಿ ಪರೀಕ್ಷೆಗೆ ಒಡ್ಡಿದುದರಿಂದಲೇ ಮುಂದಿನ ದಾರಿ ತೆರೆಯಿತು. ಮಾತನ್ನು ಬೆಳೆಸಿದಾಗಲೂ ಬಚ್ಚಿಟ್ಟಾಗಲೂ ಶಾಸ್ತ್ರವು ನಷ್ಟಹೊಂದಿತು. ಕೇಳುವವರಾದ ನಮಗೂ ಇದರಲ್ಲಿ ಪಾಲುಂಟು. ಮುನ್ಸೂಚನೆಯನ್ನು ವರದಂತೆ ನಂಬಿ, ತಪ್ಪಿದಾಗ ಶಾಪದಂತೆ ಹಳಿಯುವುದು ಎರಡೂ ಸಲ್ಲದು. ಇಂದು ಬೇಸಗೆಯ ರಜೆ ಬಂತೆಂದರೆ ನಮ್ಮ ಮನೆಗಳ ತರುಣರೂ, ಕೇದಾರ ಬದರಿಗಳ ಯಾತ್ರೆಗೆ ಹಿರಿಯರೂ ಹೊರಡುತ್ತಾರೆ. ಹೊರಡುವ ಮುನ್ನ ಹವಾಮಾನದ ಮಾತನ್ನು ಕೇಳಲಿ. ಹೊರಟ ಮೇಲೆಯೂ ದಿನದಿನ ಕೇಳಲಿ. ಆ ಊರಿನ ಕುರಿಗಾರನು ಆಕಾಶವನ್ನು ನೋಡಿ ತಲೆಯಾಡಿಸಿದರೆ ಅದನ್ನೂ ಮುನ್ಸೂಚನೆಯೆಂದೇ ಎಣಿಸಲಿ. ೧೯೩೬ರವರಂತೆ ಅರ್ಧ ದಾರಿಯಿಂದ ಹಿಂದಿರುಗಿದವರನ್ನು ಮನೆಯವರು ಹಾಸ್ಯಮಾಡದೆ ಬರಮಾಡಿಕೊಳ್ಳಲಿ. ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.